ಒಲೆಯ ಪಕ್ಕದ ದಾಳಿಂಬೆ

ಆ ವರ್ಷದ ಮಳೆಯ ಬಗ್ಗೆ ನಾನು ಹೇಳುವುದನ್ನು ಪೂರ್ತಿ ನಂಬಬೇಡಿ. ಶ್ರಾವಣದುದ್ದಕ್ಕೂ ಗೋಕಾಕದಲ್ಲಿ ಬಿಸಿಲೇ ಬೀಳಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ಹಾಗಿರಲಾರದು, ಗೋಕಾಕವೇನು ಅಂಥ ಮಳೆಯ ಊರಲ್ಲ. ರಾಜ್ಯ ಒಂದಾದ ವರ್ಷವೋ ಅದರ ಮುಂದಿನದೋ, ಅದೂ ಖಚಿತವಿಲ್ಲ. ನಾನು ದಿನಚರಿ ಬರೆಯಲು ಶುರು ಮಾಡಿದ್ದು ಧಾರವಾಡಕ್ಕೆ ಓದಲು ಹೋದ ಮೇಲೆ. ಅದಕ್ಕಿಂತ ಹಿಂದಿನದೆಲ್ಲ ಬರೀ ತಲೆಯಲ್ಲಿ ಉಳಿದದ್ದು. ತಲೆಯಲ್ಲಿ ಉಳಿದದ್ದನ್ನು ನಾವು ಗೊತ್ತಿಲ್ಲದೆಯೇ ತಿದ್ದುತ್ತ ಇರುತ್ತೇವೆ.

ಹೋದ ವರ್ಷ ಒಂದು ಮದುವೆಗೆಂದು ಗೋಕಾಕಕ್ಕೆ ಹೋಗಿದ್ದೆ. ಹಳೆಯ ಓಣಿಯಲ್ಲಿ ಹಾಯ್ದು ಬರುವಾಗ ಯಾವುದೋ ಮನೆಯೊಳಗಿಂದ ಹುಣಸೆ ಬೀಜದ ಅಂಟು ಕುದಿಯುವ ವಾಸನೆ ಬಂತು. ಹುಳಿಯ ವಾಸನೆ ಅಲ್ಲ ಅದು. ಗಂಜಿ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಅದಕ್ಕೆ ಹತ್ತಿರ. ನಿಂತುಬಿಟ್ಟೆ. ಜೊತೆಗಿದ್ದ ತಮ್ಮ, "ಯಾಕಕ್ಕಾ, ಕಾಲು ನೋಯಾಕತ್ತಾವೇನು?" ಅಂದ. ಅವನಿಗೆ ಆ ವಾಸನೆಯಲ್ಲಿ ಏನೂ ಇಲ್ಲ. ಆ ಮಳೆಗಾಲದಲ್ಲಿ ಅವನಿನ್ನೂ ಅವ್ವನ ಹೊಟ್ಟೆಯಲ್ಲಿದ್ದ.

ಅಪ್ಪ ಆಗ ಗೋಕಾಕದ ಕೋರ್ಟಿನಲ್ಲಿ ಕಾರಕೂನ. ನಮ್ಮದು ಬಾಡಿಗೆ ಮನೆ, ಎರಡು ಖೋಲಿ, ಹಿಂದೆ ಒಂದು ಹಿತ್ತಲು. ಅವ್ವನ ತಂಗಿ ಚಂಪವ್ವ ನಮ್ಮ ಜೊತೆಯಲ್ಲೇ ಇದ್ದಳು. ನಾನು ಅವಳನ್ನು ಚಿಗವ್ವ ಅನ್ನುತ್ತಿದ್ದೆ, ಈಗಲೂ ಹಾಗೇ ಅನ್ನುತ್ತೇನೆ. ಅವಳನ್ನು ಘೋಡಗೇರಿಯ ಒಂದು ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ಜ್ವರ ಬಂದು ತೀರಿಕೊಂಡ. ನನಗೆ ಬುದ್ಧಿ ತಿಳಿದಾಗಿನಿಂದ ಅವಳ ಕೈಯಲ್ಲಿ ಬಳೆ ನೋಡಿದ ನೆನಪಿಲ್ಲ. ಅವ್ವನದು ಇದಕ್ಕೆ ಪೂರಾ ಬೇರೆ. ಆಷಾಢಕ್ಕೆ ಮೊದಲೇ ಅವಳಿಗೆ ಕುಬಸ, ಅಂದರೆ ಸೀಮಂತ, ಮಾಡಿದ್ದರಿಂದ ಮೊಣಕೈವರೆಗೂ ಹಸಿರು ಬಳೆ. ರೊಟ್ಟಿ ಬಡಿಯುವಾಗ ಆ ಬಳೆಗಳ ಸದ್ದು ಓಣಿಗೇ ಕೇಳುತ್ತಿತ್ತು.

ಚಿಗವ್ವ ಮದುವೆಗೆ ಮೊದಲು ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಆ ಕಾಲಕ್ಕೆ ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದವರು ಮಾಸ್ತರಿಕೆಗೆ ಕಲಿಯಬಹುದಿತ್ತು. ಬೆಳಗಾವಿಯಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಶಾಲೆಗೆ ಆರಿಸುವವರು ಶ್ರಾವಣದ ಕೊನೆಗೆ ಹುಕ್ಕೇರಿಗೆ ಬರುತ್ತಾರೆಂದು ಅಪ್ಪ ಸುದ್ದಿ ತಂದ. ಮಕ್ಕಳು ಕೈಕೆಲಸ ಮಾಡುತ್ತ ಪಾಠ ಕಲಿಯಬೇಕು ಎನ್ನುವ ಹೊಸ ಪದ್ಧತಿ ಆಗ ಶಾಲೆಗಳಿಗೆ ಬರುತ್ತಿತ್ತು. ಹಾಗಾಗಿ ಹೋದವರು ತಾವೇ ಮಾಡಿದ ಒಂದು ವಸ್ತು ಒಯ್ಯಬೇಕು, ಅದನ್ನಿಟ್ಟುಕೊಂಡು ಮಕ್ಕಳಿಗೆ ಏನು ಕಲಿಸಬಹುದು ಎಂದು ಹೇಳಬೇಕು. ಮುಂದಿನ ವರ್ಷಕ್ಕೆ ಚಿಗವ್ವನ ವಯಸ್ಸು ದಾಟುತ್ತಿತ್ತು. ಇದು ತಪ್ಪಿದರೆ ದಸರೆ ಮುಗಿದ ಮೇಲೆ ಘೋಡಗೇರಿಗೆ ಹೋಗಬೇಕು ಎಂದು ಅವಳ ಗಂಡನ ಅಣ್ಣ ಹೇಳಿಕಳಿಸಿದ್ದ. ಕೆಟ್ಟ ಮನುಷ್ಯ ಅಲ್ಲ ಆತ. ಉಣ್ಣಲು ಕಡಿಮೆ ಆಗುತ್ತಿರಲಿಲ್ಲ. ಹೊಲಕ್ಕೆ ಎರಡು ಕೈ ಬೇಕಿದ್ದವು, ಅಷ್ಟೇ.

"ಕಸೂತಿ ಹಾಕು," ಅಂದ ಅಪ್ಪ. "ಎಲ್ಲಾರೂ ಅದನ್ನ ಒಯ್ತಾರ."

"ಎಲ್ಲಾರೂ ಅದನ್ನ ಒಯ್ದರ ನನ್ನದ್ಯಾಕ ನೋಡ್ತಾರ್ರಿ ಮಾವಾ?" ಅಂದಳು ಚಿಗವ್ವ. ಅಕ್ಕನ ಗಂಡನನ್ನು ಅವಳು ಮಾವ ಎಂದೇ ಕರೆಯುತ್ತಿದ್ದಳು.

"ಇಕಿ ಮಾತ ನೋಡ," ಅಂದಳು ಅವ್ವ. "ಸೂಜ್ಯಾಗ ದಾರ ಪೋಣಸಾಕ ಬ್ಯಾಸರಾ ಅಂತ ಖರೆ ಹೇಳು."

ಮೂವರೂ ನಕ್ಕರು. ಆ ನಗು ಚೆನ್ನಾಗಿ ನೆನಪಿದೆ. ಆಮೇಲೆ ಮೂವರೂ ಒಟ್ಟಿಗೆ ನಕ್ಕದ್ದು ಯಾವಾಗ ಎಂದು ಹುಡುಕಿದರೆ ಸಿಗುವುದಿಲ್ಲ.

ನಮ್ಮ ಹಿತ್ತಲಿನ ಗೋಡೆಯಾಚೆ ಪಾಂಡಪ್ಪ ಕಾಕಾನ ಮನೆ. ಹಣ್ಣು, ಕಾಯಿಪಲ್ಲೆಗಳ ಬೊಂಬೆ ಮಾಡುವುದು ಅವರ ಮನೆತನದ ಕೆಲಸ. ಬಾಯಿ ಜೋರು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ನಾಚಿಕೆ ಇರಲಿಲ್ಲ. ಇಬ್ಬರು ಮಕ್ಕಳೂ ಗಿರಣಿ ಸೇರಿದ್ದರು, ಮುದುಕನ ಕೈ ನಡುಗಲು ಹತ್ತಿತ್ತು. ತನಗೂ ಕಲಿಸುತ್ತೀರಾ ಎಂದು ಚಿಗವ್ವ ಗೋಡೆಯ ಮೇಲಿಂದ ಕೇಳಿದಳು. ಕಾಕಾ ಅವಳನ್ನು ಮೇಲಿಂದ ಕೆಳಗೆ ನೋಡಿ, "ಬೀಜ ಕುಟ್ಟಿಕೊಡು, ಕಲಸ್ತೇನಿ," ಅಂದ.

ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಬೇಕು. ಆ ಅಂಟಿನಲ್ಲಿ ಕಟ್ಟಿಗೆಯ ಹೊಟ್ಟು ಕಲಸಿ ನಾದಿ ಹಣ್ಣಿನ ಆಕಾರ ಕೊಡಬೇಕು. ಒಣಗಿದ ಮೇಲೆ ಬಿಳಿ ಮಣ್ಣಿನ ಲೇಪ, ಅದು ಒಣಗಿದ ಮೇಲೆ ಇನ್ನೊಂದು. ನುಣುಪು ಕಲ್ಲಿನಿಂದ ತಿಕ್ಕಿ ಬಣ್ಣ, ಕೊನೆಗೆ ಅರಗಿನ ಮೆರುಗು. ಇದೆಲ್ಲ ನನಗೆ ಬಾಯಿಪಾಠ ಇರುವುದು ನೋಡಿ ನೋಡಿ ಅಲ್ಲ, ಕೇಳಿ ಕೇಳಿ. ಕಾಕಾ ಕಲಿಸುತ್ತಿದ್ದದ್ದು ಬೈದು.

ಚಿಗವ್ವ ಮೊದಲು ಮಾಡಿದ್ದು ಒಂದು ಮಾವಿನಹಣ್ಣು. ಅದಕ್ಕೆ ನೀಲಿ ಬಣ್ಣ ಹಚ್ಚಿ, ಸುತ್ತಲೂ ಒಂದು ದಾರಿ ಬರೆದು, ದಾರಿಯ ಮೇಲೆ ಚಕ್ಕಡಿ, ಗಿಡ, ಮನೆ ಬರೆದಿದ್ದಳು. ನನಗೆ ಅಷ್ಟು ಚೆಂದದ ವಸ್ತುವನ್ನು ನೋಡಿದ್ದೇ ಇಲ್ಲ ಅನಿಸಿತ್ತು. ಕಾಕಾ ಅದನ್ನು ಕಣ್ಣ ಹತ್ತಿರ ಹಿಡಿದ.

"ಇದೇನವ್ವಾ?"

"ಮಾವಿನಹಣ್ಣರಿ ಕಾಕಾ. ಅದರ ಮ್ಯಾಲ ಊರು."

"ಬದನಿಕಾಯಿಗಿ ಜ್ವರ ಬಂದಂಗ ಐತಿ. ಮೊದಲ ಹಣ್ಣು ಮಾಡು, ಆಮ್ಯಾಲ ಅದರ ಮ್ಯಾಲ ಊರು ಕಟ್ಟಿಯಂತ."

ಹಾಗೆ ಹೇಳಿ ಅದನ್ನು ನೀರು ತುಂಬಿದ್ದ ಕಲ್ಲಿನ ದೋಣಿಯಲ್ಲಿ ಹಾಕಿಬಿಟ್ಟ. ಮೆರುಗು ಹಚ್ಚಿರಲಿಲ್ಲವಾದ್ದರಿಂದ ಸಂಜೆಯ ಹೊತ್ತಿಗೆ ಚಕ್ಕಡಿಯೂ ಇಲ್ಲ, ಊರೂ ಇಲ್ಲ, ತಳದಲ್ಲಿ ಒಂದು ಹಿಡಿ ಹೊಟ್ಟು. ನಾನು ಅತ್ತೆ. ಚಿಗವ್ವ ಅಳಲಿಲ್ಲ. ಆ ಹೊಟ್ಟನ್ನೇ ಹಿಂಡಿ ತೆಗೆದು, ಹೊಸ ಅಂಟು ಹಾಕಿ ಮತ್ತೆ ನಾದಿದಳು. ಆಮೇಲೆ ಎಷ್ಟೋ ದಿನ ಬರೀ ಲಿಂಬೆಹಣ್ಣು. ಒಂದರಂತೆ ಇನ್ನೊಂದು. ಹದ ತಪ್ಪಿದ್ದು ದೋಣಿಗೆ.

ಲಿಂಬೆಹಣ್ಣು ಕೈಗೆ ಹತ್ತಿದ ಮೇಲೆ ಅವಳಿಗೆ ಬೇರೆ ತಕರಾರು ಶುರುವಾಯಿತು. "ಖರೇ ಹಣ್ಣು ಇಷ್ಟು ಗುಂಡಗ ಇರ್ತಾವೇನ್ರಿ ಕಾಕಾ? ಇವು ಹಣ್ಣಲ್ಲ, ಹಣ್ಣಿನ ಫೋಟೋ ಆದವು."

"ನಾಕ ದಿನಾ ಕಲ್ತು ನನಗ ಕಲಸಾಕ ಬಂದ್ಳ ನೋಡ್ರಿ, ಬಾಯೋರು!" ಅಂದ ಕಾಕಾ, ಶಾಲೆಯ ಶಿಕ್ಷಕಿಯನ್ನು ಕರೆಯುವ ಧಾಟಿಯಲ್ಲಿ.

ಚಿಗವ್ವ ಮರುದಿನ ಸಂತೆಯಿಂದ ಒಂದು ದಾಳಿಂಬೆ ತಂದು ಹಲಗೆಯ ಮೇಲಿಟ್ಟಳು. ಕೆಲಸ ಬಿಡುವಾದಾಗಲೆಲ್ಲ ಅದನ್ನು ನೋಡುತ್ತ ಕೂತಿರುತ್ತಿದ್ದಳು. ಯಾವ ಮಗ್ಗುಲು ಚಪ್ಪಟೆ, ಎಲ್ಲಿ ಬಿಸಿಲು ಬಿದ್ದು ಕೆಂಪು, ಎಲ್ಲಿ ಎಲೆ ಮುಚ್ಚಿ ಹಳದಿ, ತುದಿಯ ಕಿರೀಟದಲ್ಲಿ ಯಾವ ಹಲ್ಲು ಮುರಿದಿದೆ. ಅದು ಒಣಗಿ ಸುಕ್ಕಾಗುವ ತನಕ ನನಗೆ ತಿನ್ನಲು ಕೊಡಲಿಲ್ಲ. ಕೈ ಪಾಂಡಪ್ಪ ಕಾಕಾನದು, ಕಣ್ಣು ತನ್ನದು ಅನ್ನುವ ಹಾಗೆ ಅವಳು ಆ ಹಣ್ಣು ಮಾಡಿದಳು. ಹೀಗೆಂದು ಆಗ ನನಗೆ ಅನಿಸಿರಲು ಸಾಧ್ಯವಿಲ್ಲ. ಇದು ಈಗಿನ ಮಾತು.

ಕಾಕಾನ ಒಂದು ಕಟ್ಟಳೆ ಮಾತ್ರ ನಮ್ಮ ಮನೆಯ ಮಾತೇ ಆಗಿಹೋಗಿತ್ತು. ಲೇಪ ನೆರಳಿನಲ್ಲಿ ಒಣಗಬೇಕು. "ಒಲಿ ಕಡಿ ತೋರಸಬ್ಯಾಡ!" ಎಂದು ಅವನು ದಿನಕ್ಕೊಮ್ಮೆಯಾದರೂ ಗೋಡೆಯಾಚೆಯಿಂದ ಕೂಗುತ್ತಿದ್ದ. ನಾನು ತಲೆಸ್ನಾನ ಮಾಡಿ ಒಲೆ ಮುಂದೆ ಕೂತರೆ ಅವ್ವ ಅದೇ ಧಾಟಿಯಲ್ಲಿ, "ಒಲಿ ಕಡಿ ತೋರಸಬ್ಯಾಡ, ಕಾಕಾ ಬೈತಾನ," ಅನ್ನುತ್ತಿದ್ದಳು. ಅಂದರೆ ಈ ಮಾತು ನಮ್ಮ ಮನೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಇದನ್ನು ಯಾಕೆ ಒತ್ತಿ ಬರೆಯುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ಮಳೆ ಹಿಡಿದದ್ದು ಆಗಲೇ. ಘಟಪ್ರಭೆ ಕೆಂಪಾಗಿ ಉಕ್ಕಿತು. ಗೋಡೆಗಳು ಬೆವರಿದವು, ಉಪ್ಪಿನ ಗಡಿಗೆಯಲ್ಲಿ ನೀರು ನಿಂತಿತು, ದಾಳಿಂಬೆಯ ಲೇಪ ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಹುಕ್ಕೇರಿಯ ದಿನ ಹತ್ತಿರ ಬರುತ್ತಿತ್ತು.

ಆ ದಿನಗಳಲ್ಲೇ ನಾನು ಒಂದು ಮಾತು ಕೇಳಿದೆ. ಅಪ್ಪ ಕೋರ್ಟಿಗೆ ಹೊರಡಲು ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ. ಚಿಗವ್ವ ಕಾಕಾನ ಮನೆಯಲ್ಲಿದ್ದಳು.

"ಏನ್ರಿ, ಈ ವರ್ಷ ಬ್ಯಾಡಂತ ಅಕಿಗಿ ಹೇಳ್ರಿ," ಅಂದಳು ಅವ್ವ. "ನಾ ಹಡ್ಯೂತನಕಾ ಬಾಜೂಕ ಒಬ್ಬರು ಬೇಕರಿ. ಹೋದ ಸಲದಂಗ ಆದ್ರ?"

ನನಗೂ ತಮ್ಮನಿಗೂ ನಡುವೆ ಅವ್ವ ಎರಡು ಕೂಸು ಕಳೆದುಕೊಂಡಿದ್ದಳು.

"ಮುಂದಿನ ವರ್ಷ ಅಕಿ ವಯಸ್ಸು ದಾಟತೈತಿ," ಅಂದ ಅಪ್ಪ. "ಬ್ಯಾಡ ಅನ್ನೂದಿದ್ರ ನೀನ ಹೇಳು."

"ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?"

ಅಪ್ಪ ಕೊಡೆ ಬಿಚ್ಚಿಕೊಂಡು ಹೋದ. ಅವ್ವ ಹೇಳಲಿಲ್ಲ. ಹೇಳಿದ್ದರೆ ಚಿಗವ್ವ ಉಳಿಯುತ್ತಿದ್ದಳು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಇಬ್ಬರೂ ಹಾಗೇ ಇದ್ದವರು, ಒಬ್ಬರಿಗೊಬ್ಬರು.

ಇನ್ನು ನಾನು ಹೇಳಬೇಕಾದದ್ದು ಒಂದು ಮುಂಜಾನೆಯ ಸಂಗತಿ. ನನಗೆ ನೆಗಡಿ ಬಂದು ಮೈ ಬಿಸಿಯಾಗಿತ್ತು, ಅಡುಗೆಮನೆಯ ಬಾಗಿಲಲ್ಲಿ ಕೌದಿ ಹೊದ್ದು ಮಲಗಿದ್ದೆ. ನೀರು ಕಾಯಿಸಲು ಒಲೆ ಹೊತ್ತಿಸಿದ್ದರು. ಅರೆ ಎಚ್ಚರದಲ್ಲಿ ಕಣ್ಣು ತೆರೆದಾಗ ಒಂದು ಕೈ ದಾಳಿಂಬೆಯನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಿತ್ತು. ಮೆಲ್ಲಗೆ, ಮಲಗಿದ ಕೂಸನ್ನು ಇಟ್ಟ ಹಾಗೆ. ಆ ಕೈಯಲ್ಲಿ ಹಸಿರು ಬಳೆ ಇದ್ದವು.

ಇದ್ದವೇ? ಈ ಚಿತ್ರದಲ್ಲಿ ಬಳೆಗಳು ಯಾವಾಗ ಬಂದು ಸೇರಿದವು ಎಂದು ನನಗೇ ತಿಳಿಯದು. ಧಾರವಾಡದಲ್ಲಿ ಬರೆದ ಮೊದಲ ದಿನಚರಿಯಲ್ಲಿ ಈ ಮುಂಜಾನೆಯ ಬಗ್ಗೆ ನಾಲ್ಕು ಸಾಲು ಇವೆ. ಅಲ್ಲಿ ಕೈ ಇದೆ, ಬಳೆ ಇಲ್ಲ. ಹಾಗೆಂದು ಬಳೆ ಇರಲಿಲ್ಲ ಎಂದೂ ಆಗುವುದಿಲ್ಲ. ಬರೆಯಲು ಮನಸ್ಸು ಬಂದಿರಲಿಕ್ಕಿಲ್ಲ. ಸದ್ದು ಕೇಳಿತೇ ಎಂದು ಎಷ್ಟೋ ಸಲ ಕಿವಿಗೊಟ್ಟಿದ್ದೇನೆ, ಈಗ ಕಿವಿಗೊಟ್ಟರೆ ಮಳೆಯ ಸದ್ದು ಮಾತ್ರ ಕೇಳುತ್ತದೆ.

ಬೆಳಕು ಹರಿದ ಮೇಲೆ ನೋಡಿದರೆ ದಾಳಿಂಬೆ ಒಡೆದಿತ್ತು. ಕಿರೀಟದಿಂದ ನಡುವಿನವರೆಗೆ ಓರೆಯಾಗಿ ಒಂದು ಬಿರುಕು. ಚಿಗವ್ವ ಅದನ್ನು ಎತ್ತಿ ಅಂಗೈಯಲ್ಲಿ ಹಿಡಿದಳು. ಅವ್ವ ರೊಟ್ಟಿಯ ಹಿಟ್ಟಿನ ಮುಂದೆ ಕೂತಿದ್ದಳು. ಯಾರು ಇಟ್ಟರು ಎಂದು ಚಿಗವ್ವ ಕೇಳಲಿಲ್ಲ. ತಾನು ಇಡಲಿಲ್ಲ ಎಂದು ಅವ್ವ ಹೇಳಲಿಲ್ಲ. ಮಾತಾಡಿದವನು ಗೋಡೆಯ ಮೇಲಿಂದ ಅದನ್ನು ನೋಡಿದ ಕಾಕಾ ಒಬ್ಬನೇ.

"ಒಲಿ ಬಾಜೂ ಇಟ್ಟೀದೇನ? ಬೊಗಳಿ ಬೊಗಳಿ ನನ್ನ ಗಂಟಲ ಹರೀತು! ಎಸಿ ಅದನ್ನ. ಎಲ್ಡ ದಿನದಾಗ ಇನ್ನೊಂದು ಆಗೂದಿಲ್ಲ. ಲಿಂಬಿಹಣ್ಣು ಅದಾವ, ಅವನ್ನ ಒಯ್ಯಿ."

ಚಿಗವ್ವ ಮಧ್ಯಾಹ್ನದವರೆಗೆ ಆ ಬಿರುಕನ್ನು ನೋಡುತ್ತ ಕೂತಳು. ಆಮೇಲೆ ಎದ್ದು ಅಟ್ಟದಿಂದ ಬೀಜಕ್ಕೆ ಕಟ್ಟಿಟ್ಟಿದ್ದ ಗೋವಿನಜೋಳದ ತೆನೆ ಇಳಿಸಿ, ಕಾಳು ಬಿಡಿಸಿ, ಕೆಂಪು ಬಣ್ಣದಲ್ಲಿ ಅದ್ದಿದಳು. ಚಾಕುವಿನಿಂದ ಬಿರುಕನ್ನು ಅಗಲ ಮಾಡಿದಳು. ಅಂಚನ್ನು ಸಿಪ್ಪೆ ಹೊರಕ್ಕೆ ಮಗುಚಿದ ಹಾಗೆ ತಿದ್ದಿದಳು. ಒಳಗೆ ಅಂಟು ಹಚ್ಚಿ ಒಂದೊಂದೇ ಕಾಳು ಕೂರಿಸಿದಳು, ಒಂದಕ್ಕೊಂದು ಒತ್ತಿ, ದಾಳಿಂಬೆಯ ಕಾಳುಗಳು ಇಕ್ಕಟ್ಟಿನಲ್ಲಿ ಕೂತಿರುತ್ತವಲ್ಲ, ಹಾಗೆ. ಸಿಪ್ಪೆಗೆ ಬಣ್ಣ, ಎಲ್ಲದರ ಮೇಲೆ ಅರಗಿನ ಮೆರುಗು. ಆ ಕಾಳುಗಳಲ್ಲಿ ರಸ ತುಂಬಿ ಬಂತು. ಎರಡು ಸಲ ಹಣ್ಣು ಕೈಯಲ್ಲಿ ಜಾರಿತು. ಎರಡೂ ಸಲ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಹಣ್ಣನ್ನು ಅಲುಗದಂತೆ ಹಿಡಿದುಕೊಂಡಳು.

ಕಾಕಾ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಹೊಗಳಲಿಲ್ಲ. "ನಡಿ ಸಂತಿಗಿ," ಅಂದ. ಅದು ಅವರ ಮನೆತನದ ರೂಢಿ. ಕಲಿಯುವವರು ಮಾಡಿದ ಹಣ್ಣನ್ನು ಸಂತೆಯಲ್ಲಿ ಖರೇ ಹಣ್ಣಿನ ಬುಟ್ಟಿಗೆ ಹಾಕಿ ದೂರ ನಿಲ್ಲುವುದು. ಯಾರಾದರೂ ಕೈ ಹಾಕಿದರೆ ಕಲಿತಂತೆ.

ಹಣ್ಣು ಮಾರುವ ಜೈನಾಬಿಗೆ ಈ ಆಟ ಗೊತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಒಬ್ಬ ದಪ್ಪನೆಯ ಹೆಂಗಸು ಬಂದು ಬುಟ್ಟಿ ಕೆದಕಿ, ಮುಟ್ಟದೆಯೇ, ಚಿಗವ್ವನ ಹಣ್ಣಿಗೆ ಬೆರಳು ಮಾಡಿದಳು.

"ಒಡದದ್ದು ಐತಿ. ಅರ್ಧಾ ರೇಟಿಗಿ ಕೊಡು."

"ಒಡದದ್ದ ರುಚಿ ಇರ್ತೈತಿ ತಗೋರಿ ಅಕ್ಕಾ."

"ರುಚಿ ನೊಣಕ್ಕ. ಮುಂಜಾನಿಂದ ತೆರದ ಐತಿ ಅದು, ಒಳಗ ಹುಳಾ ಬಿದ್ದಿದ್ರ?"

ಜೈನಾಬಿಗೆ ನಗು ತಡೆಯಲಾಗಲಿಲ್ಲ. ಹೆಂಗಸು ಹಣ್ಣನ್ನು ಎತ್ತಿದಳು, ಹಗುರ ತಿಳಿದು ಬೆಚ್ಚಿಬಿದ್ದಳು, ಬೈಯುತ್ತ ಹೋದಳು. ಪಾಂಡಪ್ಪ ಕಾಕಾ ಮಾತ್ರ ನಗಲಿಲ್ಲ. ದಾರಿಯಲ್ಲಿ ಬರುವಾಗ, "ನಲವತ್ತು ವರ್ಷ ಹಣ್ಣು ಮಾಡೇನಿ, ಯಾರೂ ಹುಳಾ ಹುಡಿಕಿಲ್ಲ," ಅಂದ. ಅದು ಹೊಟ್ಟೆಕಿಚ್ಚೋ ಮೆಚ್ಚಿಕೆಯೋ, ಎರಡೂ ಇರಬೇಕು. ನಲವತ್ತು ಎನ್ನುವುದು ನನ್ನ ಸೇರಿಕೆಯೂ ಆಗಿರಬಹುದು.

ಹುಕ್ಕೇರಿಗೆ ಅಪ್ಪ, ಚಿಗವ್ವ, ನಾನು ಹೋದೆವು. ಬಸ್ಸು ಘೋಡಗೇರಿಯ ಮೇಲೆ ಹಾಯ್ದಿತೋ ಬೇರೆ ದಾರಿಯಲ್ಲೋ, ಹೇಳಲಾರೆ. ಒಂದು ಊರು ಬಂದಾಗ ಚಿಗವ್ವ ಕಿಟಕಿಯಿಂದ ಮುಖ ತಿರುಗಿಸಿ ತೊಡೆಯ ಮೇಲಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡದ್ದು ಗೊತ್ತು. ಶಾಲೆಯೊಂದರ ಕೋಣೆಯಲ್ಲಿ ಆರಿಸುವವರು ಕೂತಿದ್ದರು. ನಾನು ಪಡಸಾಲೆಯ ಕಿಟಕಿಯಲ್ಲಿ ನಿಂತಿದ್ದೆ. ಮೇಜಿನ ಮೇಲೆ ಕಸೂತಿಯ ಕುಬಸ, ನೂಲಿನ ಲಡಿಗಳು ರಾಶಿ ಬಿದ್ದಿದ್ದವು. ಕನ್ನಡಕದ ಒಬ್ಬ ಬಾಯೋರು ದಾಳಿಂಬೆ ಹಿಡಿದು ಕೇಳಿದರು.

"ಚಲೋ ಮಾಡೀರಿ. ಆದ್ರ ಒಡದದ್ದು ಯಾಕ ಮಾಡಿದ್ರಿ? ಮಕ್ಕಳಿಗೆ ಇದರಿಂದ ಏನು ಕಲಸ್ತೀರಿ?"

ಚಿಗವ್ವ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ ಎಂದೇ ನಂಬಿದ್ದೇನೆ.

"ಗಿಡದಾಗಿನ ಹಣ್ಣು ಬಿಸಲಿಗಿ ಸಿಪ್ಪಿ ಬಿಗದು ನಿಂತಿರತೈತ್ರಿ. ಒಮ್ಮೆಲೆ ಮಳಿ ಹೊಡದ್ರ ಒಳಗಿನ ಕಾಳು ಉಬ್ಬತಾವು, ಸಿಪ್ಪಿ ಹಿಗ್ಗೂದಿಲ್ಲ, ಒಡೀತೈತಿ. ಇದೂ ಹಂಗರಿ. ಮ್ಯಾಲಿನ ಲೇಪ ಲಗೂ ಒಣಗಿ ಬಿಗೀತು, ಒಳಗ ಹಸೀನ ಇತ್ತು, ಒಡೀತು. ಮಕ್ಕಳ ಕೈಯಾಗ ಮಾಡಿಸಿದ್ರ ಒಡದದ್ದು ಯಾಕಂತ ಅವ ಕೇಳ್ತಾವ್ರಿ. ಕೇಳಿದ ಮ್ಯಾಲ ಪಾಠ."

"ಅಂದ್ರ ಇದು ತಾನಾಗಿ ಒಡದದ್ದೊ, ನೀವು ಒಡಸಿದ್ದೊ?"

ಕಿಟಕಿಯಾಚೆ ನಾನಿದ್ದೇನೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ನನ್ನ ಕಡೆ ನೋಡಿದಳು.

"ನಾನ ಒಡಸೇನ್ರಿ," ಅಂದಳು.

ಅವಳನ್ನು ಆರಿಸಿಕೊಂಡರು. ಭಾದ್ರಪದದಲ್ಲಿ ಬೆಳಗಾವಿಗೆ ಹೋದಳು. ಹೊರಡುವ ದಿನ ಆ ದಾಳಿಂಬೆಯನ್ನು ಅವ್ವನ ಉಡಿಯಲ್ಲಿ ಹಾಕಿದಳು. ಅವ್ವ ಅದನ್ನು ಹಿಡಿದುಕೊಂಡು ಒಳಗೆ ಹೋದವಳು ಬಸ್ಸಿಗೆ ಹೊತ್ತಾದರೂ ಹೊರಗೆ ಬರಲಿಲ್ಲ.

ನವರಾತ್ರಿಯಲ್ಲಿ ತಮ್ಮ ಹುಟ್ಟಿದ. ಹೆರಿಗೆ ಬಹಳ ಕಷ್ಟವಾಯಿತು. ಕೂಸು ಉಳಿಯಿತು, ಅವ್ವ ದೀಪಾವಳಿ ದಾಟಿದ ಮೇಲೂ ಗೋಡೆ ಹಿಡಿದೇ ನಡೆಯುತ್ತಿದ್ದಳು. ನಾನು ಆ ವರ್ಷದ ಮಟ್ಟಿಗೆ ಶಾಲೆ ಬಿಟ್ಟು ರೊಟ್ಟಿ ಬಡಿಯಲು ಕಲಿತೆ. ತಂಗಿ ಇರಬೇಕಿತ್ತು ಎಂದು ಅವ್ವ ಒಂದು ದಿನವೂ ಅನ್ನಲಿಲ್ಲ. ದಾಳಿಂಬೆಯನ್ನು ಗೋಡೆಯ ಮಾಡದಲ್ಲಿಟ್ಟು ದಿನಾ ಧೂಳು ಒರೆಸುತ್ತಿದ್ದಳು. ಮರುವರ್ಷ ಇಲಿಗಳು ಗೋವಿನಜೋಳದ ವಾಸನೆ ಹಿಡಿದು ಒಂದೊಂದೇ ಕಾಳು ಕಿತ್ತು ತಿಂದವು. ಖಾಲಿ ಸಿಪ್ಪೆಯನ್ನೂ ಅವ್ವ ಎಸೆಯಲಿಲ್ಲ.

ಚಿಗವ್ವ ಮೂಡಲಗಿಯ ಶಾಲೆಯಲ್ಲಿ ವರ್ಷಗಟ್ಟಲೆ ಕಲಿಸಿದಳು. ರಜೆಯಲ್ಲಿ ಹೋದಾಗ ನೋಡಿದ್ದೇನೆ. ಮೊದಲು ಕಣ್ಣೆದುರಿಗಿನ ಹಣ್ಣು ಮಾಡಿಸುತ್ತಿದ್ದಳು. ಅದು ಸರಿಯಾದ ಮೇಲೆ, "ಈಗ ನಿಮ್ಮ ತಲ್ಯಾಗಿಂದು ಮಾಡ್ರಿ," ಅನ್ನುತ್ತಿದ್ದಳು. ಮಕ್ಕಳು ರೆಕ್ಕೆಯ ಬದನೆಕಾಯಿ, ಮೂಗಿನ ಮಾವಿನಹಣ್ಣು ಮಾಡುತ್ತಿದ್ದವು. ಯಾರದನ್ನೂ ನೀರಿಗೆ ಹಾಕಲಿಲ್ಲ. ಆದರೆ ಎಲ್ಲ ಹಣ್ಣು ಮಾಡಿಸಿದವಳು ಒಡೆದ ದಾಳಿಂಬೆಯನ್ನು ಮಾತ್ರ ಮತ್ತೆ ಮಾಡಲಿಲ್ಲ, ಮಾಡಿಸಲೂ ಇಲ್ಲ. ಒಬ್ಬ ಹುಡುಗಿ ಮಾಡಿದ್ದು ಒಡೆದಾಗ, ಅದನ್ನು ಕೈಗೆ ತೆಗೆದುಕೊಂಡು, "ಒಲಿ ಬಾಜೂ ಯಾರ ಇಟ್ರು ಅಂತ ಕೇಳಬ್ಯಾಡ. ಮುಂದೇನ ಮಾಡ್ತೀ ಅದನ್ನ ಹೇಳು," ಅಂದದ್ದನ್ನು ನಾನು ಕೇಳಿದ್ದೇನೆ.

ಹಾಗಾಗಿ ಮೂರು ರೀತಿಯಲ್ಲಿ ಯೋಚಿಸುತ್ತೇನೆ. ಚಿಗವ್ವ ತಾನೇ ಇಟ್ಟಿರಬಹುದು. ಗುಂಡಗಿನ ಹಣ್ಣು ಅವಳಿಗೆ ಸಾಕಾಗಿತ್ತು, ಹಲಗೆಯ ಮೇಲಿನ ಹಣ್ಣನ್ನು ಅಷ್ಟು ದಿನ ನೋಡಿದವಳಿಗೆ ಅದು ಯಾಕೆ ಒಡೆಯುತ್ತದೆಂದು ತಿಳಿದಿತ್ತು. ಅಥವಾ ಅವ್ವ ಇಟ್ಟಿರಬಹುದು, ಮಳೆಗೆ ಒಣಗುತ್ತಿಲ್ಲವಲ್ಲ ಎಂಬ ಮರುಕಕ್ಕೆ, ಕಾಕಾನ ಮಾತು ಒಂದು ಗಳಿಗೆ ಮರೆತು. ಅಥವಾ ಅವ್ವ ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳಿರಬಹುದು. ಈ ಮೂರನೆಯದನ್ನು ಬರೆಯಲು ಇಷ್ಟು ವರ್ಷ ಬೇಕಾದವು. ಅವ್ವ ಹೋಗಿ ಬಹಳ ಕಾಲವಾಯಿತು, ಅವಳನ್ನು ಕೇಳುವಂತಿಲ್ಲ.

ಚಿಗವ್ವ ಈಗ ಹುಕ್ಕೇರಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ನೆನಪು ನನಗಿಂತ ಚುರುಕು. ಗೋಕಾಕದ ಆ ಮದುವೆ ಮುಗಿಸಿಕೊಂಡು ಬಂದ ಮರುದಿನ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತೆ. ಆ ಓಣಿಯ ವಾಸನೆಯ ಸಂಗತಿ ಹೇಳಿದೆ, ನಕ್ಕಳು. ಪಾಂಡಪ್ಪ ಕಾಕಾನ ಧ್ವನಿಯನ್ನು ಅನುಕರಿಸಿ ತೋರಿಸಿದಳು. ಆಗ ಕೇಳಿದೆ. ಅವಳ ಬೆರಳು ಮೊರದ ಅಂಚಿನಲ್ಲಿ ನಿಂತವು. ಒಂದು ಹರಳನ್ನು ಆರಿಸಿ ದೂರ ಎಸೆದಳು. "ಮಳಿ ಬರೂ ಹಂಗ ಐತಿ, ಅರಿವಿ ತಗೀ," ಅಂದು ಒಳಗೆ ಎದ್ದು ಹೋದಳು. ಆಮೇಲೆ ಎರಡು ಸಲ ಹುಕ್ಕೇರಿಗೆ ಹೋಗಿದ್ದೇನೆ. ಊರ ಮಾತೆಲ್ಲ ಆಡಿದ್ದೇವೆ, ಅದೊಂದು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಅವತ್ತ ಅದನ್ನ ಒಲಿ ಬಾಜೂ ಇಟ್ಟ ಕೈಯಾಗ ಬಳಿ ಇದ್ದವೇನ?"